ಎಪ್ಪತ್ತರ ಮೇಲೆ ಅರ್ಧ ಮುದ್ದೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಒಂದು ಸುತ್ತು ಹಾಕಿ. ಈ ಗಾದೆ ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ಕೊಂಡು ಹೋಗಿ. ಹೇಳಿದವರೂ ನಗುತ್ತಾರೆ, ಕೇಳಿದವರೂ ನಗುತ್ತಾರೆ. ಪ್ರಾಸ ಚೆನ್ನಾಗಿದೆ. ಆದರೆ ಪ್ರಾಸ ಕೂಡಿತು ಅಂತ ಎಪ್ಪತ್ತು ದಾಟಿದವರ ತಟ್ಟೆಯಿಂದ ಊಟ ಎತ್ತಿಡುವುದಾ?

ಮಂಡ್ಯದ ಕಡೆಯ ನಮ್ಮ ದೊಡ್ಡಪ್ಪನಿಗೆ ಈಗ 74. ಶುಗರ್ ಇಲ್ಲ, ಬಿಪಿ ಇಲ್ಲ. "ವಯಸ್ಸಾದ್ಮೇಲೆ ಕಮ್ಮಿ ತಿಂದಷ್ಟೂ ಆಯಸ್ಸು ಜಾಸ್ತಿ ಕಣ್ಲಾ" ಎನ್ನುತ್ತಾ ಎರಡು ಮುದ್ದೆಯಿಂದ ಅರ್ಧ ಮುದ್ದೆಗೆ ಇಳಿದರು. ರಾತ್ರಿ ಬರೀ ಮಜ್ಜಿಗೆ. ವರ್ಷದಲ್ಲಿ 60 ಕೆಜಿ ಇದ್ದವರು 54 ಆದರು. ಊರಿನವರೆಲ್ಲ ಭೇಷ್ ಎಂದರು. ಹಬ್ಬಕ್ಕೆ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಊಟ ಮುಗಿಸಿ ಚಾಪೆಯಿಂದ ಏಳಲು ಮೊದಲು ಗೋಡೆ ಹಿಡಿದರು. ಆಗಲಿಲ್ಲ. ಆಮೇಲೆ ನನ್ನ ಭುಜ ಹಿಡಿದರು.

ಕಮ್ಮಿ ತಿಂದರೆ ಆಯಸ್ಸು ಜಾಸ್ತಿ ಎಂಬುದು ಸುಮ್ನೆ ಹುಟ್ಟಿದ ಮಾತಲ್ಲ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಇಲಿಗಳ ಊಟಕ್ಕೆ ಕತ್ತರಿ ಹಾಕಿದರು. ಇಲಿಗಳು ಜಾಸ್ತಿ ದಿನ ಬದುಕಿದವು. ಆದರೆ ಅವರು ಊಟ ಕಮ್ಮಿ ಮಾಡಿದ್ದು ತಾಯಿಹಾಲು ಬಿಟ್ಟ ಮರಿಗಳಿಗೆ, ಮುದಿ ಇಲಿಗಳಿಗಲ್ಲ. ಅಲ್ಲದೆ ಪಂಜರದ ಇಲಿ ಬಚ್ಚಲಲ್ಲಿ ಜಾರಿ ಬೀಳುವುದಿಲ್ಲ.

ಆಮೇಲೆ ಕೋತಿಗಳ ಸರದಿ. 2009ರಲ್ಲಿ ವಿಸ್ಕಾನ್ಸಿನ್‌ನವರು ಕಮ್ಮಿ ತಿಂದ ಕೋತಿಗಳೇ ಗೆದ್ದವು ಎಂದರು. 2012ರಲ್ಲಿ ಅಮೆರಿಕದ ವೃದ್ಧಾಪ್ಯ ಸಂಶೋಧನಾ ಸಂಸ್ಥೆಯವರು ಇಲ್ಲ, ನಮ್ಮ ಕೋತಿಗಳ ಆಯಸ್ಸು ಹೆಚ್ಚಲಿಲ್ಲ ಎಂದರು. ಕೆದಕಿ ನೋಡಿದರೆ ವಿಸ್ಕಾನ್ಸಿನ್‌ನ ಕೋತಿಗಳ ಆಹಾರದಲ್ಲಿ ಕಾಲುಭಾಗಕ್ಕೂ ಜಾಸ್ತಿ ಬರೀ ಸಕ್ಕರೆ! ಅಂಥ ಊಟವನ್ನು ಯಾರು ಕಮ್ಮಿ ತಿಂದರೂ ಒಳ್ಳೆಯದೇ ಅಲ್ವಾ. 1933ರಿಂದ ಸಕ್ಕರೆ ಕಾರ್ಖಾನೆ ಇಟ್ಟುಕೊಂಡ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನುಷ್ಯರ ಮೇಲೂ ಎರಡು ವರ್ಷದ ಪರೀಕ್ಷೆ ಆಗಿದೆ. ಕ್ಯಾಲೊರಿ ಸುಮಾರು ಶೇಕಡಾ 12 ಕಮ್ಮಿಯಾದಾಗ ಬಿಪಿ, ಕೊಲೆಸ್ಟ್ರಾಲ್ ಇಳಿದವು. ಮೂಳೆಯ ಸಾಂದ್ರತೆಯೂ ಸ್ವಲ್ಪ ಇಳಿಯಿತು. ಆ ಪರೀಕ್ಷೆಗೆ ಸೇರಿಸಿಕೊಂಡದ್ದು 50 ವಯಸ್ಸಿನವರೆಗಿನವರನ್ನು ಮಾತ್ರ. ನಮ್ಮ ದೊಡ್ಡಪ್ಪನಂಥವರು ಅದರಲ್ಲಿ ಇರಲೇ ಇಲ್ಲ.

ಹಾಗಾದರೆ ವಯಸ್ಸಾದವರಿಗೆ ಊಟ ಕಮ್ಮಿ ಸಾಕು ಎಂಬುದು ಸುಳ್ಳಾ? ಪೂರ್ತಿ ಸುಳ್ಳಲ್ಲ. 29 ದೇಶಗಳ 6,400ಕ್ಕೂ ಹೆಚ್ಚು ಜನರ ದೇಹ ದಿನಕ್ಕೆ ಎಷ್ಟು ಕ್ಯಾಲೊರಿ ಉರಿಸುತ್ತದೆ ಎಂದು ಅಳೆದ ಲೆಕ್ಕ 2021ರಲ್ಲಿ ಹೊರಬಂತು. ಮೈಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60ರವರೆಗೆ ದೇಹದ ಒಲೆ ಒಂದೇ ಸಮ ಉರಿಯುತ್ತದೆ. 60ರ ನಂತರ ವರ್ಷಕ್ಕೆ ಸುಮಾರು ಶೇಕಡಾ 0.7 ತಗ್ಗುತ್ತದೆ. ಅಂದರೆ 74ಕ್ಕೆ ಹೆಚ್ಚುಕಮ್ಮಿ ಶೇಕಡಾ 10. ಎರಡು ಮುದ್ದೆಯಲ್ಲಿ ಎರಡು ತುತ್ತು ಬಿಟ್ಟರೆ ಆಯಿತು. ಒಂದೂವರೆ ಮುದ್ದೆಯನ್ನೇ ಬಿಡು ಎಂದು ಯಾವ ಲೆಕ್ಕವೂ ಹೇಳುವುದಿಲ್ಲ.

ಇಷ್ಟು ಹೇಳಿದರೆ ವಾಕಿಂಗ್ ಗೆಳೆಯರು ಸರ್ ಎಂ.ವಿ.ಯವರನ್ನು ಎಳೆದು ತರುತ್ತಾರೆ. ಮಿತವಾಗಿ ಉಂಡರು, ನೂರು ದಾಟಿದರು, 1962ರವರೆಗೆ ಇದ್ದರು. ಸರಿ. ಆದರೆ ಮಿತವಾಗಿ ಉಂಡು 60ಕ್ಕೇ ಹೋದವರ ಪ್ರತಿಮೆಯನ್ನು ಯಾರೂ ಸರ್ಕಲ್‌ನಲ್ಲಿ ನಿಲ್ಲಿಸುವುದಿಲ್ಲವಲ್ಲ! ಸರ್ ಎಂ.ವಿ.ಯವರ ಊಟಕ್ಕಿಂತ ಅವರ ಹೆಸರಿನ ನಾಲೆ ಈ ವಿಷಯದಲ್ಲಿ ಜಾಸ್ತಿ ಪಾಠ ಹೇಳುತ್ತದೆ. ಕೆಆರ್‌ಎಸ್‌ನಿಂದ ಹೊರಟು ಹುಲಿಕೆರೆ ಸುರಂಗ ಹಾದು ಮಂಡ್ಯ ಜಿಲ್ಲೆಗೆ ನೀರುಣಿಸುವ ಈ ವಿ.ಸಿ. ನಾಲೆಯನ್ನು ಮೊದಲು ಇರ್ವಿನ್ ನಾಲೆ ಎನ್ನುತ್ತಿದ್ದರು.

ನಾಲೆಯ ಕೊನೆ ಭಾಗದ ರೈತರ ಗೋಳು ಏನು? ನಾಲೆಯಲ್ಲಿ ನೀರು ಇರುತ್ತದೆ, ಗದ್ದೆಗೆ ಬರುವುದಿಲ್ಲ. ಯಾಕೆಂದರೆ ನೀರಿನ ಮಟ್ಟ ತೂಬಿನ ಬಾಯಿಗೆ ಏರಬೇಕು. ಅದರ ಕೆಳಗೆ ಇಡೀ ದಿನ ಹರಿದರೂ ಗದ್ದೆ ಒಣಗಿಯೇ ಇರುತ್ತದೆ. ನಮ್ಮ ಸ್ನಾಯು ಅಂಥ ಗದ್ದೆ. ಅದಕ್ಕೆ ಬೇಕಾದ ನೀರು ಪ್ರೋಟೀನ್. ವಯಸ್ಸಾದಂತೆ ತೂಬು ಮೇಲಮೇಲಕ್ಕೆ ಹೋಗುತ್ತದೆ. ಹರೆಯದಲ್ಲಿ ಒಂದು ಲೋಟ ಹಾಲಿಗೂ ಸ್ನಾಯು ಬೆಳೆಯಲು ಹೊರಡುತ್ತದೆ. 70ರಲ್ಲಿ ಅದೇ ಕೆಲಸಕ್ಕೆ ಒಂದು ಊಟದಲ್ಲಿ 25–30 ಗ್ರಾಂ ಪ್ರೋಟೀನ್ ಬೇಕಾಗುತ್ತದೆ.

ಇನ್ನೊಂದು ರೀತಿ ಹೇಳುತ್ತೇನೆ. ಗದ್ದೆಗೆ ನೀರು ತಿರುಗಿಸಲು ನೀರುಗಂಟಿ ಇರುತ್ತಾನಲ್ಲ, ಸ್ನಾಯುವಿನ ಕೋಶದೊಳಗೂ ಒಬ್ಬ ಇದ್ದಾನೆ. ಹೆಸರು ಎಂಟಾರ್. ಅವನನ್ನು ಕೂಗಿ ಎಬ್ಬಿಸುವುದು ಪ್ರೋಟೀನಿನಲ್ಲಿರುವ ಲ್ಯೂಸಿನ್ ಎಂಬ ಅಂಶ. ವಯಸ್ಸಾದಾಗ ಈ ನೀರುಗಂಟಿಗೆ ಕಿವಿ ಮಂದ. ಮೆಲ್ಲಗೆ ಕರೆದರೆ ಏಳುವುದಿಲ್ಲ, ಜೋರಾಗಿ ಕೂಗಬೇಕು. ಬೆಳಗ್ಗೆ ಅರ್ಧ ಇಡ್ಲಿ, ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಮಜ್ಜಿಗೆ ಅಂದರೆ ದಿನವಿಡೀ ಪಿಸುಗುಟ್ಟಿದಂತೆ. ಇನ್ನೂ ಒಂದು ಮಾತು. ಒಲೆಗೆ ಸೌದೆ ಸಾಲದಿದ್ದರೆ, ಅಂದರೆ ಒಟ್ಟು ಕ್ಯಾಲೊರಿಯೇ ಕಮ್ಮಿ ಬಿದ್ದರೆ, ಬಂದ ಚೂರು ಪ್ರೋಟೀನನ್ನೂ ದೇಹ ಸೌದೆ ಮಾಡಿ ಉರಿಸುತ್ತದೆ. ಅದೂ ಸಾಲದಿದ್ದರೆ ಮನೆಯ ತೊಲೆಯನ್ನೇ, ಅಂದರೆ ಸ್ನಾಯುವನ್ನೇ ಕೀಳುತ್ತದೆ. ತೂಕ ನೋಡುವ ಯಂತ್ರ ಕೊಬ್ಬು ಹೋಯಿತೋ ತೊಲೆ ಹೋಯಿತೋ ಹೇಳುವುದಿಲ್ಲ.

ಹೋದದ್ದು ಬೇಗ ಬರುವುದೂ ಇಲ್ಲ. ಆರೋಗ್ಯವಾಗಿದ್ದ ವಯಸ್ಸಾದವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಅಳೆದ ಒಂದು ಪ್ರಯೋಗದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕೆಜಿ ಕರಗಿತ್ತು. ಒಂದು ಜ್ವರ, ಒಂದು ಮೂಳೆ ಮುರಿತ ಸಾಕು. ಸಂತೋಷದ ಸಂಗತಿಯೂ ಇದೆ. 1990ರಲ್ಲಿ ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ 90ರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಮುಗಿಸಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟು ದಾಟಿತು! ವ್ಯಾಯಾಮ ತೂಬನ್ನು ಮತ್ತೆ ಕೆಳಕ್ಕೆ ಇಳಿಸುತ್ತದೆ.

ದೊಡ್ಡಪ್ಪನ ಮುಂದೆ ಕೂತು ಲೆಕ್ಕ ಹಾಕಿದೆ. ವಯಸ್ಸಾದವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಇರಲಿ ಎಂಬುದು ತಜ್ಞರ ಮಾತು. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಲೇಬೇಕು, ಇವರಿಗೆ ಅದಿಲ್ಲ. ಇವರ ಮೊದಲಿನ ತೂಕ 60 ಕೆಜಿಯ ಲೆಕ್ಕದಲ್ಲಿ 60–72 ಗ್ರಾಂ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಸುಮಾರು 7 ಗ್ರಾಂ. ಹುರುಳಿಕಾಳಿನಲ್ಲಿ 22ರ ಹತ್ತಿರ. ಹಾಗಾಗಿ ಒಂದೂವರೆ ಮುದ್ದೆ, ಕಾಳು ಕಾಣುವ ಹಾಗೆ ಹುರುಳಿ ಸಾರು, ಎರಡು ಮೊಟ್ಟೆ, ರಾತ್ರಿ ಮಜ್ಜಿಗೆ ಬದಲು ಗಟ್ಟಿ ಮೊಸರು. ಜೊತೆಗೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಬೆಳಗ್ಗೆ ಸಂಜೆ.

ಎಲ್ಲಕ್ಕೂ ತಲೆಯಾಡಿಸಿದರು. ಶನಿವಾರದ ಒಪ್ಪತ್ತಿಗೆ ಬಂದಾಗ ಮಾತ್ರ ನಿಂತರು. "ಅದೊಂದ್ ಬುಡಾಕಿಲ್ಲ ಕಣಪ್ಪ."

ಒಪ್ಪತ್ತು ಅಂದರೆ ನಮ್ಮ ಕಡೆ ರಾತ್ರಿ ಅನ್ನ ಮುದ್ದೆ ಬಿಟ್ಟು ಉಪ್ಪಿಟ್ಟೋ ಅವಲಕ್ಕಿಯೋ ತಿನ್ನುವುದು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಅಡುಗೆಮನೆಯಿಂದ ಹೇಳಿದರು, "ಅವಲಕ್ಕಿಗೆ ಕಡ್ಲೆಕಾಯಿ ಬೀಜ ಒಂದ್ ಹಿಡಿ ಜಾಸ್ತಿ ಹಾಕ್ತೀನಿ, ಸುಮ್ಕಿರಿ ಇಬ್ರೂವೆ."