ಪೋರ್ಟ್‌ಲ್ಯಾಂಡಿನ ಗುಲಾಬಿ ತೋಟದಲ್ಲಿ ಜೇನಿಗೆ ಎಷ್ಟು ಜಾಗ?

ಗುಲಾಬಿಯಲ್ಲಿ ಮಕರಂದ ಇಲ್ಲ ಅಂತಲೇ ಹೇಳಬಹುದು. ಅಲ್ಲಿಗೆ ಬರುವ ಜೇನು ಪರಾಗಕ್ಕಾಗಿ ಬರುತ್ತದೆ. ಅದರ ಮರಿಗಳಿಗೆ ಊಟ ಅದೇ. ಐದೇ ಎಸಳಿನ ಕಾಡುಗುಲಾಬಿಯ ನಡುವೆ ಹಳದಿ ಕೇಸರಗಳು ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ ಇರುತ್ತವೆ. ಮೈತುಂಬ ರೋಮ ಇರುವ ದಪ್ಪನೆಯ ಬಂಬಲ್‌ಬೀ ಅಲ್ಲಿಗೆ ಇಳಿಯುತ್ತದೆ. ಕೇಸರಗಳನ್ನು ಅಪ್ಪಿ ಹಿಡಿದು, ರೆಕ್ಕೆ ಬಿಚ್ಚದೆ, ಮೈಯನ್ನು ಗಡಗಡ ನಡುಗಿಸುತ್ತದೆ. ಝುಂಯ್ ಅಂತ ಸಣ್ಣ ಸದ್ದು. ಉದುರಿದ ಪರಾಗ ಹೊಟ್ಟೆಯ ರೋಮಕ್ಕೆ ಮೆತ್ತಿಕೊಳ್ಳುತ್ತದೆ. ಅದನ್ನು ಕಾಲಿನಿಂದ ಬಾಚಿ, ಉಂಡೆ ಮಾಡಿ, ಹಿಂಗಾಲಿಗೆ ಅಂಟಿಸಿಕೊಂಡು ಹೊರಡುತ್ತದೆ.

ಈಗ ಹೂವಿನಂಗಡಿಯ ಗುಲಾಬಿಯನ್ನು ನೆನಪಿಸಿಕೊಳ್ಳಿ. ಎಸಳಿನ ಮೇಲೆ ಎಸಳು. ಅಷ್ಟೊಂದು ಎಸಳು ಎಲ್ಲಿಂದ ಬಂತು ಗೊತ್ತಾ? ಕೇಸರ ಆಗಬೇಕಾದದ್ದೇ ಎಸಳಾಗಿದೆ. ನಮಗೆ ತುಂಬಿದ ಹೂವು, ಜೇನಿಗೆ ಬಾಗಿಲು ಹಾಕಿದ ಮನೆ. ಹಾಗಾದರೆ ಸಾವಿರಾರು ಗುಲಾಬಿ ಗಿಡಗಳ ಒಂದು ಊರ ತೋಟದಲ್ಲಿ ಜೇನಿಗೆ ಏನು ಸಿಗುತ್ತದೆ? ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಕಥೆ ಕೇಳಿದರೆ ಈ ಪ್ರಶ್ನೆ ಎಷ್ಟು ಹಳೆಯದು ಅಂತ ತಿಳಿಯುತ್ತದೆ.

ಅದಕ್ಕೆ 'ಗುಲಾಬಿಗಳ ನಗರ' ಅಂತಲೇ ಹೆಸರು. ಅಲ್ಲಿನ ಗುಲಾಬಿ ಸಂಘ ಶುರುವಾದದ್ದು 1888ರಲ್ಲಿ. 1905ರಲ್ಲಿ ಊರಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ ಬೀದಿಬದಿಯ ಉದ್ದಕ್ಕೂ ಒಂದೇ ತಳಿಯ ಗುಲಾಬಿ ನೆಟ್ಟರು. ಹೆಸರು ಮೇಡಮ್ ಕ್ಯಾರೊಲಿನ್ ಟೆಸ್ಟೌ. ನಸುಗೆಂಪು, ಎಲೆಕೋಸಿನ ಹಾಗೆ ತುಂಬಿದ ಹೂವು. 1907ರಿಂದ ಗುಲಾಬಿ ಹಬ್ಬವೂ ಶುರುವಾಯಿತು.

ಆಮೇಲೆ ಮೊದಲ ಮಹಾಯುದ್ಧ. ಯುರೋಪಿನ ತಳಿಗಾರರು ವರ್ಷಗಟ್ಟಲೆ ದುಡಿದು ಬೆಳೆಸಿದ ಗುಲಾಬಿಗಳು ಬಾಂಬಿಗೆ ಸಿಕ್ಕಿ ಹಾಳಾಗುತ್ತವೆ ಅನ್ನುವ ಭಯ ಜೆಸ್ಸಿ ಕರಿ ಅನ್ನುವ ಪತ್ರಕರ್ತರಿಗೆ. ಗುಲಾಬಿ ಅಂದರೆ ಅವರಿಗೆ ಪ್ರಾಣ. ಆ ತಳಿಗಳಿಗೆ ನಮ್ಮೂರಲ್ಲಿ ಆಸರೆ ಕೊಡೋಣ ಅಂತ 1915ರಲ್ಲಿ ಕೇಳಿದರು. 1917ರಲ್ಲಿ ನಗರದ ಉದ್ಯಾನ ಇಲಾಖೆ ಒಪ್ಪಿತು. ಯುದ್ಧ ನಡೆಯುತ್ತಿರುವಾಗ ಹೂವಿನ ಬಗ್ಗೆ ಚಿಂತಿಸಿ, ಅದಕ್ಕೆ ಜಾಗವನ್ನೂ ಕೊಟ್ಟರಲ್ಲ, ಅದು ನನಗೆ ಇವತ್ತಿಗೂ ದೊಡ್ಡ ವಿಷಯ. ವಾಷಿಂಗ್ಟನ್ ಪಾರ್ಕಿನ ಅದೇ ಇಂಟರ್‌ನ್ಯಾಷನಲ್ ರೋಸ್ ಟೆಸ್ಟ್ ಗಾರ್ಡನ್‌ನಲ್ಲಿ ಈಗ ಸುಮಾರು 10,000 ಗಿಡಗಳಿವೆ, 600ಕ್ಕೂ ಜಾಸ್ತಿ ತಳಿಗಳಿವೆ.

ಗುಲಾಬಿಗೇನೋ ಆಸರೆ ಸಿಕ್ಕಿತು. ಆದರೆ ಆ ಗುಲಾಬಿಗಳ ಒಳಗೇ ಒಂದು ತೊಂದರೆ ಬಂದು ಸೇರಿತ್ತು. ಟೆಸ್ಟೌ ತಳಿಯನ್ನು ಬೆಳೆಸಿದವರು ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಪೆರ್ನೆ-ಡುಶೆ. ತೋಟದ ಗುಲಾಬಿಗೆ ಗಾಢ ಹಳದಿ ಬಣ್ಣ ತರಬೇಕು ಅನ್ನೋದು ಅವರ ಹಟ. ಅದಕ್ಕಾಗಿ ಪರ್ಷಿಯನ್ ಯೆಲ್ಲೋ ಅನ್ನುವ ಗಿಡದೊಂದಿಗೆ ಸಂಕರ ಮಾಡಿ, 1900ರಲ್ಲಿ ಸೋಲೇ ಡೋರ್ ಅನ್ನುವ ತಳಿಯನ್ನು ಹೊರತಂದರು. ಹಳದಿ ಬಂತು. ಜೊತೆಗೆ ಕಪ್ಪುಚುಕ್ಕೆ ರೋಗಕ್ಕೆ ಬೇಗ ಬೀಳುವ ಗುಣವೂ ಬಂತು. ಮುಂದಿನ ಎಷ್ಟೋ ತಳಿಗಳು ಈ ಎರಡನ್ನೂ ಒಟ್ಟಿಗೇ ಪಡೆದವು. ಕಪ್ಪುಚುಕ್ಕೆ ಶಿಲೀಂಧ್ರಕ್ಕೆ ಎಲೆ ಕೆಲವು ಗಂಟೆ ಒದ್ದೆಯಾಗಿದ್ದರೆ ಸಾಕು. ಪೋರ್ಟ್‌ಲ್ಯಾಂಡಿನಲ್ಲೋ, ವಸಂತ ಪೂರ್ತಿ ಜಿಟಿಜಿಟಿ ಮಳೆ. ಗುಲಾಬಿ ಅಂದರೆ ಔಷಧಿ ಹೊಡೆಯಲೇಬೇಕು ಅನ್ನುವ ರೂಢಿ ಬೆಳೆದದ್ದು ಹೀಗೆ. ರೋಗಕ್ಕೊಂದು, ಗಿಡಹೇನಿಗೊಂದು.

1990ರ ದಶಕದಲ್ಲಿ ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕಗಳು ಬಂದವು. ನಮ್ಮ ರೈತರಿಗೂ ಗೊತ್ತಿರುವ ಇಮಿಡಾಕ್ಲೋಪ್ರಿಡ್ ಇದೇ ಗುಂಪಿನದು. ಬುಡಕ್ಕೆ ಹಾಕಿದರೆ ಬೇರಿನಿಂದ ಏರಿ ಎಲೆ, ಹೂವು, ಪರಾಗ ಎಲ್ಲದಕ್ಕೂ ಹೋಗುತ್ತದೆ. ಗುಲಾಬಿಗೆ ಜೇನು ಬರುವುದೇ ಪರಾಗಕ್ಕೆ, ಅಲ್ವಾ?

ಇದರ ಪರಿಣಾಮ 2013ರ ಜೂನ್‌ನಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಪೋರ್ಟ್‌ಲ್ಯಾಂಡಿನ ದಕ್ಷಿಣಕ್ಕಿರುವ ವಿಲ್ಸನ್‌ವಿಲ್ ಊರಿನಲ್ಲಿ ಒಂದು ಅಂಗಡಿಯ ಪಾರ್ಕಿಂಗ್ ಜಾಗದ ಲಿಂಡೆನ್ ಮರಗಳಿಗೆ ಅದೇ ಗುಂಪಿನ ಡೈನೋಟೆಫ್ಯುರಾನ್ ಹೊಡೆದರು. ಉದ್ದೇಶ ಗಿಡಹೇನು ಹೋಗಲಿ ಅಂತ. ಹೇನು ಇದ್ದರೆ ಕೆಳಗೆ ನಿಂತ ಕಾರುಗಳ ಮೇಲೆ ಅಂಟು ಸುರಿಯುತ್ತದೆ. ಆದರೆ ಮರಗಳು ಆಗ ಹೂ ಬಿಟ್ಟಿದ್ದವು. 50,000ಕ್ಕೂ ಹೆಚ್ಚು ಬಂಬಲ್‌ಬೀಗಳು ಸತ್ತು ಡಾಂಬರಿನ ಮೇಲೆ ಬಿದ್ದವು. ಇನ್ನೂ ಬರುತ್ತಿದ್ದವನ್ನು ಉಳಿಸಲು ಇಡೀ ಮರಗಳಿಗೆ ಬಲೆ ಹೊದಿಸಬೇಕಾಯಿತು. ಒಂದು ಕಾರಿನ ಗಾಜು ಒರೆಸಿಕೊಳ್ಳೋದಕ್ಕೆ ಎಷ್ಟು ಹೊತ್ತು ಬೇಕು? ಈ ಲೆಕ್ಕ ನೆನೆದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಪೋರ್ಟ್‌ಲ್ಯಾಂಡಿನ ಉದ್ಯಾನ ಇಲಾಖೆಗೆ ವಿಷದ ಬಗ್ಗೆ ಎಚ್ಚರ ಮೊದಲೇ ಇತ್ತು. ತೋಟದ ಔಷಧಿ ಹರಿದು ನದಿಯ ಸಾಲ್ಮನ್ ಮೀನುಗಳಿಗೆ ತಗಲಬಾರದು ಅನ್ನುವ 'ಸಾಲ್ಮನ್-ಸೇಫ್' ಪ್ರಮಾಣಪತ್ರವನ್ನು ಅದು 2004ರಲ್ಲೇ ಪಡೆದಿತ್ತು. ಮೀನಿನ ನಂತರ ಜೇನಿನ ಸರದಿ. 2014ರಲ್ಲಿ ಆರೆಗಾನಿನ ಇನ್ನೊಂದು ಊರು ಯೂಜೀನ್, ನಗರದ ಜಾಗಗಳಲ್ಲಿ ನಿಯೋನಿಕೋಟಿನಾಯ್ಡ್ ಬೇಡ ಅಂದಿತು. 2015ರ ಏಪ್ರಿಲ್‌ನಲ್ಲಿ ಪೋರ್ಟ್‌ಲ್ಯಾಂಡ್ ಕೂಡ ಅದೇ ನಿರ್ಧಾರಕ್ಕೆ ಬಂತು. ಗುಲಾಬಿ ತೋಟವೂ ನಗರದ್ದೇ ಆಸ್ತಿ. ಊರಿನ ಹೆಮ್ಮೆಯ ಗಿಡಗಳನ್ನು ಇನ್ನು ಈ ಮದ್ದಿಲ್ಲದೆ ಸಾಕುವುದು ಹೇಗೆ ಅನ್ನುವ ಪ್ರಶ್ನೆ ಎದುರಿಗೆ ಬಂದು ನಿಂತಿತು.

ಇದಕ್ಕೆ ಉತ್ತರ ಆಗಲೇ ಜರ್ಮನಿಯಲ್ಲಿ ಬೆಳೆಯುತ್ತಿತ್ತು. ಅಲ್ಲಿ ಎಡಿಆರ್ ಅನ್ನುವ ಗುಲಾಬಿ ಪರೀಕ್ಷೆ ಇದೆ. ಹಲವು ಊರುಗಳ ತೋಟಗಳಲ್ಲಿ ಹೊಸ ತಳಿಗಳನ್ನು ನೆಟ್ಟು ವರ್ಷಗಟ್ಟಲೆ ನೋಡುತ್ತಾರೆ. 1997ರಿಂದ ಆ ಗಿಡಗಳಿಗೆ ಕೀಟನಾಶಕವನ್ನಾಗಲಿ ಶಿಲೀಂಧ್ರನಾಶಕವನ್ನಾಗಲಿ ಹೊಡೆಯುವುದಿಲ್ಲ. ತನ್ನ ಬಲದ ಮೇಲೆ ನಿಂತ ಗಿಡಕ್ಕೆ ಮಾತ್ರ ಮುದ್ರೆ. ಅಂಥ ತಳಿಗಳು ಈಗ ಸಾಕಷ್ಟಿವೆ. ಕೇಸರ ಕಾಣುವ ಐದೆಸಳಿನವೂ ಇವೆ. ತುಂಬಿದ ಗುಲಾಬಿಯನ್ನು ಕಿತ್ತೆಸೆಯಿರಿ ಅಂತ ನಾನು ಹೇಳುವುದಿಲ್ಲ. ಯುದ್ಧದಿಂದ ಉಳಿಸಿಕೊಂಡ ತಳಿಗಳು ಅವು, ಇರಲಿ. ಪಕ್ಕದಲ್ಲಿ ತೆರೆದ ಹೂವಿನ ಗುಲಾಬಿಗೂ ಒಂದು ಸಾಲು ಸಿಗಲಿ. ಮಕರಂದಕ್ಕೆ ಅಂಚಿನಲ್ಲಿ ಲ್ಯಾವೆಂಡರ್, ಸೇಜ್ ಥರದ ಗಿಡಗಳಿರಲಿ.

ಹೂವು ಮುಚ್ಚಿದ್ದರೂ ಗುಲಾಬಿ ಗಿಡ ಪೂರ್ತಿ ಕೈಬಿಡುವುದಿಲ್ಲ ಅನ್ನುವುದನ್ನು ನಮ್ಮ ಮನೆಗಳ ಟೆರೇಸಿನಲ್ಲೇ ನೋಡಬಹುದು. ಎಲೆಯ ಅಂಚಿನಲ್ಲಿ ಬಳೆಯಿಟ್ಟು ಕತ್ತರಿಸಿದ ಹಾಗೆ ದುಂಡನೆಯ ತೂತು ಕಂಡರೆ ಗಾಬರಿಯಾಗಿ ಸ್ಪ್ರೇ ಹುಡುಕಬೇಡಿ. ಅದು ರೋಗ ಅಲ್ಲ. ಎಲೆ ಕತ್ತರಿಸುವ ಜೇನಿನ ಕೆಲಸ. ಆ ತುಂಡನ್ನು ಕಾಲುಗಳ ನಡುವೆ ಸಿಕ್ಕಿಸಿಕೊಂಡು ಗೋಡೆಯ ಸಂದಿಗೋ ಟೊಳ್ಳು ಕಡ್ಡಿಗೋ ಹಾರುತ್ತದೆ. ತುಂಡಿನ ಮೇಲೆ ತುಂಡು ಸುತ್ತಿ, ಬೀಡಿಯಂಥ ಸುರುಳಿ ಮಾಡುತ್ತದೆ. ಅದರೊಳಗೆ ಪರಾಗದ ಒಂದು ಉಂಡೆ, ಉಂಡೆಯ ಮೇಲೆ ಒಂದೇ ಒಂದು ಮೊಟ್ಟೆ.