ಮಳೆಮಾಪಕ ನಿಮ್ಮ ಹೊಲವನ್ನು ನೋಡುವುದಿಲ್ಲ

ನವೆಂಬರ್ ತಿಂಗಳು ಬಂತೆಂದರೆ ನನ್ನ ವಾಟ್ಸಾಪ್‌ಗೆ ದ್ರಾಕ್ಷಿ ತೋಟದ ಫೋಟೋಗಳು ಬರತೊಡಗುತ್ತವೆ: ಉದುರಿದ ಹೂಗೊಂಚಲು, ಮಚ್ಚೆ ಬಿದ್ದ ಎಲೆ, ಸಾಲುಗಳ ನಡುವೆ ನಿಂತ ನೀರು. ಕಳಿಸುವವರು ಬಹುಮಟ್ಟಿಗೆ ನನ್ನಂತೆ ಪುಣೆಯಲ್ಲಿಯೇ ಇರುವ ಕನ್ನಡಿಗರು. ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ, ಚಿಂಚವಡದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಅಳಿಯ. ತೋಟ ಇರುವುದು ವಿಜಯಪುರ ಜಿಲ್ಲೆಯಲ್ಲಿ, ಕೆಲವರದು ಗಡಿಯಾಚೆ ಸಾಂಗಲಿ, ಸೋಲಾಪುರದ ಕಡೆ. ದುಡಿಯುವವರು ತಂದೆ ಅಥವಾ ಅಣ್ಣ. ವಿಮೆಯ ಕಾಗದಪತ್ರ ಮಾತ್ರ ಪುಣೆಯವರ ಪಾಲಿಗೆ. ಹವಾಮಾನ ಆಧಾರಿತ ವಿಮೆಯ ಲೆಕ್ಕ ಹಾಕುವುದೇ ನನ್ನ ಉದ್ಯೋಗವಾದ್ದರಿಂದ ಫೋಟೋದ ಕೆಳಗೆ ಪ್ರತಿ ಸಲವೂ ಒಂದೇ ಪ್ರಶ್ನೆ ಇರುತ್ತದೆ: "ಸರ, ಇಷ್ಟು ಹಾಳಾಗೇತಿ, ಕ್ಲೇಮ್ ಯಾವಾಗ ಬರತದ್ರಿ?"

ಫೋಟೋದಿಂದ ಏನೂ ಆಗುವುದಿಲ್ಲ ಎಂದು ಹೇಳಿದರೆ ಅವರಿಗೆ ಬೇಸರವಾಗುತ್ತದೆ. ಅದನ್ನೇ ಪ್ರತಿ ವರ್ಷ ಹೇಳಬೇಕಾಗಿ ಬರುವುದರಿಂದ ನನಗೂ ಬೇಸರವಾಗುತ್ತದೆ. ಆದ್ದರಿಂದ ಈ ಒಂದು ಸಂಗತಿಯನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬೆಳೆ ವಿಮೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಓಡಾಡುತ್ತಿವೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಮತ್ತು ಪುನರ್‌ರಚಿತ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆ ಎರಡೂ 2016ರ ಮುಂಗಾರಿನಿಂದ ಜಾರಿಗೆ ಬಂದವು. ಮೊದಲನೆಯದರಲ್ಲಿ ಇಳುವರಿಯನ್ನು ಅಳೆಯುತ್ತಾರೆ: ಅಧಿಸೂಚಿತ ಘಟಕದಲ್ಲಿ, ಮುಖ್ಯ ಬೆಳೆಗಳಿಗೆ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯಲ್ಲಿ, ಆಯ್ದ ಹೊಲಗಳ ಬೆಳೆ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗ ನಡೆಸಿ, ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಸರಾಸರಿಯ ಮೇಲೆ ನಿಗದಿಯಾದ ಮಟ್ಟಕ್ಕಿಂತ ಇಳುವರಿ ಎಷ್ಟು ಇಳಿದಿದೆ ಎಂದು ನೋಡುತ್ತಾರೆ. ದ್ರಾಕ್ಷಿ ಸೇರಿರುವ ಎರಡನೆಯದರಲ್ಲಿ ಬೆಳೆಯನ್ನು ಯಾರೂ ಅಳೆಯುವುದಿಲ್ಲ. ಗೊತ್ತುಪಡಿಸಿದ ಒಂದು ಹವಾಮಾನ ಕೇಂದ್ರದಲ್ಲಿ ಗೊತ್ತುಪಡಿಸಿದ ದಿನಗಳಲ್ಲಿ ಎಷ್ಟು ಮಳೆಯಾಯಿತು, ಉಷ್ಣಾಂಶ ಎಷ್ಟಕ್ಕೆ ಇಳಿಯಿತು ಎಂಬ ಅಂಕಿಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಅಂಕಿ ಮಿತಿಯನ್ನು ದಾಟಿದರೆ ಕ್ಲೇಮ್ ಅರ್ಜಿ ಕೊಡದಿದ್ದರೂ ಹಣ ಖಾತೆಗೆ ಬರುತ್ತದೆ. ದಾಟದಿದ್ದರೆ ತೋಟ ಪೂರ್ತಿ ಹಾಳಾಗಿದ್ದರೂ ಬರುವುದಿಲ್ಲ. ಇದು ಯೋಜನೆಯ ಲೋಪವೆಂದು ಹಲವರು ತಿಳಿಯುತ್ತಾರೆ. ಯೋಜನೆಯನ್ನು ಕಟ್ಟಿರುವುದೇ ಹಾಗೆ. ಹೊಲ ಹೊಲಕ್ಕೆ ಹೋಗಿ ನಷ್ಟ ಅಂದಾಜು ಮಾಡುವ ಖರ್ಚು, ವಿಳಂಬ, ಜಗಳಗಳನ್ನು ತಪ್ಪಿಸಲೆಂದು 2003ರಲ್ಲಿ ಆಗಿನ ಆಂಧ್ರದ ಮಹಬೂಬನಗರದಲ್ಲಿ ಇಂಥ ವಿಮೆಯನ್ನು ಮೊದಲು ಪರೀಕ್ಷಿಸಿದರು. ಸರ್ಕಾರಿ ಯೋಜನೆಯಾಗಿ 2007ರ ಮುಂಗಾರಿನಲ್ಲಿ ಅದರ ಪ್ರಯೋಗ ನಡೆದದ್ದು ನಮ್ಮ ಕರ್ನಾಟಕದಲ್ಲಿಯೇ.

ಇದನ್ನು ವಿವರಿಸಿದಾಗ ತಿಕೋಟಾ ಕಡೆಯ ಹಿರಿಯರೊಬ್ಬರು ನನಗೆ ಕೊಟ್ಟ ಉತ್ತರ ಇದು: "ಹಂಗಾದ್ರ ಮಂದಿ ಮನಿ ಜ್ವರಾ ನೋಡಿ ನಮಗ ಗುಳಿಗಿ ಕೊಟ್ಟಂಗಾತಲ್ರಿ." ಅವರ ಮಾತಿನಲ್ಲಿ ತಪ್ಪಿಲ್ಲ. ಹೊಲದ ನಷ್ಟಕ್ಕೂ ಮಾಪಕದ ಅಂಕಿಗೂ ನಡುವೆ ಉಳಿಯುವ ಈ ಅಂತರವೇ ಹವಾಮಾನ ವಿಮೆಯ ನಿಜವಾದ ಅಪಾಯ, ಮತ್ತು ಆ ಅಪಾಯವನ್ನು ಹೊರುವವನು ರೈತ. ಪ್ರೀಮಿಯಂ ಕಟ್ಟಿದ ರಸೀದಿಯಲ್ಲಿ ಈ ಮಾತು ಎಲ್ಲಿಯೂ ಇರುವುದಿಲ್ಲ.

ಅಂತರ ಮೂರು ಕಡೆಯಿಂದ ಬರುತ್ತದೆ. ಜಾಗದಿಂದ ಬರುವುದು ಎಲ್ಲರಿಗೂ ತಿಳಿದದ್ದೇ. ಶಿವಾಜಿನಗರದಲ್ಲಿ ರಸ್ತೆ ತೋಯದ ದಿನ ಲೋಹಗಾಂವ್‌ನಲ್ಲಿ ಧೋ ಎಂದು ಸುರಿದಿರುತ್ತದೆ ಎಂಬುದು ಪುಣೆಯಲ್ಲಿ ಒಂದು ಮಳೆಗಾಲ ಕಳೆದವರಿಗೂ ಗೊತ್ತು. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ, ಹೋಬಳಿ ಮಟ್ಟದಲ್ಲಿ ಉಷ್ಣಾಂಶ, ತೇವಾಂಶ, ಗಾಳಿಯನ್ನೂ ದಾಖಲಿಸುವ ಹವಾಮಾನ ಕೇಂದ್ರಗಳನ್ನೂ ಇರಿಸಿದ್ದಾರೆ. ಮಹಾರಾಷ್ಟ್ರದಲ್ಲಿ ಮಹಾವೇಧ್ ಯೋಜನೆಯ ಹವಾಮಾನ ಕೇಂದ್ರಗಳು ಹಲವು ಹಳ್ಳಿಗಳ ಗುಂಪಾದ ಕಂದಾಯ ಮಂಡಲದ ಮಟ್ಟದಲ್ಲಿವೆ. ಜಾಲ ಇಷ್ಟು ದಟ್ಟವಾಗಿದ್ದರೂ ಹಿಂಗಾರಿನ ಗುಡುಗು ಮಳೆಗೆ ಪಂಚಾಯಿತಿಯ ಗಡಿ ಗೊತ್ತಿರುವುದಿಲ್ಲ.

ಕಾಲದಿಂದ ಬರುವ ಅಂತರವನ್ನು ಜನ ಗಮನಿಸುವುದೇ ಇಲ್ಲ, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಮಳೆಯ ದಿನ ಸಾಮಾನ್ಯವಾಗಿ ಬೆಳಿಗ್ಗೆ 8:30ಕ್ಕೆ ಮುಗಿದು ಅಲ್ಲಿಂದಲೇ ಮುಂದಿನ ದಿನ ಶುರುವಾಗುತ್ತದೆ. ಕೇವಲ ಉದಾಹರಣೆಗೆಂದು, ಒಂದು ದಿನದಲ್ಲಿ 20 ಮಿ.ಮೀ. ಮೀರಿದರೆ ಪರಿಹಾರ ಎಂದು ಟರ್ಮ್ ಶೀಟ್‌ನಲ್ಲಿ, ಅಂದರೆ ವಿಮೆಯ ಷರತ್ತುಗಳ ಪಟ್ಟಿಯಲ್ಲಿ, ಬರೆದಿದೆ ಎಂದುಕೊಳ್ಳಿ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಸಮನಾಗಿ ಸುರಿದು 26 ಮಿ.ಮೀ. ಮಳೆಯಾಯಿತು. ಹೂಗೊಂಚಲಿನ ಪಾಲಿಗೆ ಅದು ಒಂದೇ ಮಳೆ. ದಾಖಲೆಯಲ್ಲಿ ಮಾತ್ರ ನಿನ್ನೆಗೆ 13, ಇಂದಿಗೆ 13. ಎರಡು ದಿನವೂ ಮಿತಿ ದಾಟಲಿಲ್ಲ, ಹಣ ಬರಲಿಲ್ಲ. ಅದೇ ಮಳೆ ಹತ್ತರಿಂದ ಒಂದರವರೆಗೆ ಬಿದ್ದಿದ್ದರೆ ಬರುತ್ತಿತ್ತು. ಒಪ್ಪಂದದಲ್ಲಿ "ಒಂದು ದಿನ" ಎಂದಿದೆಯೋ "ಸತತ ಎರಡು ದಿನ" ಎಂದಿದೆಯೋ ಎಂಬುದರ ಮೇಲೆ ಇಡೀ ಫಲಿತಾಂಶ ನಿಂತಿರುತ್ತದೆ, ಮತ್ತು ಆ ಸಾಲನ್ನು ಓದಿದ ರೈತ ಕುಟುಂಬ ನನಗೆ ಸಿಕ್ಕಿರುವುದು ತೀರ ಅಪರೂಪ.

ಇನ್ನೊಂದು ಕಾಲದ ತೊಡಕು ಅವಧಿಯದು. ಇಂಡಿ ತಾಲೂಕಿನ ನನ್ನ ಪರಿಚಯದ ಅಜ್ಜರೊಬ್ಬರು ಗೋಡೆಯ ಕ್ಯಾಲೆಂಡರಿನ ಮೇಲೆ ನಕ್ಷತ್ರದ ಪ್ರಕಾರ ಮಳೆ ಬರೆದಿಡುತ್ತಾರೆ: ಹಸ್ತಾ ಚಲೋ, ಚಿತ್ತಾ ಇಲ್ಲ, ಸ್ವಾತಿ ಜೋರು. ಅಂಥ ದಾಖಲೆ ಕಂಡರೆ ನನಗೆ ಕೈಮುಗಿಯುವಷ್ಟು ಪ್ರೀತಿ. ಆದರೆ ವಿಮೆ ನಕ್ಷತ್ರ ನೋಡುವುದಿಲ್ಲ, ತಾರೀಖು ನೋಡುತ್ತದೆ. ಒಳ್ಳೆಯ ದರದ ಆಸೆಗೆ ಚಾಟಣಿಯನ್ನು, ಅಂದರೆ ಬಳ್ಳಿ ಸವರುವ ಕೆಲಸವನ್ನು, ಬೇಗ ಮುಗಿಸಿದ ತೋಟದಲ್ಲಿ ಅಕ್ಟೋಬರ್ ಕೊನೆಯ ಸ್ವಾತಿ ಮಳೆ ಡೌನಿ ಎಂಬ ಬೂಜು ರೋಗ ತಂದು ಕೊಟ್ಟರೆ, ಒಪ್ಪಂದದಲ್ಲಿರುವ ಅಕಾಲಿಕ ಮಳೆಯ ಅವಧಿ ಆ ವೇಳೆಗೆ ಶುರುವಾಗಿತ್ತೇ ಎಂಬುದೊಂದೇ ಪ್ರಶ್ನೆ. ತಡವಾಗಿ ಚಾಟಣಿ ಮಾಡಿದವರಿಗೆ ಇದೇ ತೊಂದರೆ ಅವಧಿಯ ಇನ್ನೊಂದು ತುದಿಯಲ್ಲಿ ಎದುರಾಗುತ್ತದೆ.

ಮೂರನೆಯದು ಕಾರಣದಿಂದ ಬರುವ ಅಂತರ. ಡೌನಿಗೆ ದೊಡ್ಡ ಮಳೆಯೇ ಬೇಕಿಲ್ಲ. ಮೋಡ, ಮಂಜು, ಎಲೆಯ ಮೇಲೆ ಗಂಟೆಗಟ್ಟಲೆ ಉಳಿಯುವ ತೇವ ಸಾಕು. ಮಾಪಕ ಎರಡು ಮಿ.ಮೀ. ಎಂದು ಬರೆದ ವಾರದಲ್ಲಿ ಅರ್ಧ ತೋಟ ಹೋಗಿರಬಹುದು. ಉಲ್ಟಾ ಆಗುವುದೂ ಉಂಟು: ಸಾಲುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಬೆಳೆ ಉಳಿಸಿಕೊಂಡವರಿಗೂ ಪಕ್ಕದವರಷ್ಟೇ ಹಣ ಬರುತ್ತದೆ. ಹಾಗೆ ಹಣ ಬಂದವರು ನನಗೆ ಫೋನ್ ಮಾಡಿ ದೂರು ಹೇಳುವುದಿಲ್ಲ ಎಂಬುದನ್ನು ಇಲ್ಲಿ ನಗುತ್ತಲೇ ದಾಖಲಿಸುತ್ತೇನೆ.

ಫೋಟೋ ಬಿಟ್ಟರೆ ನನಗೆ ಹೆಚ್ಚು ಬರುವುದು ಮೊಬೈಲ್ ಆ್ಯಪ್‌ನ ಸ್ಕ್ರೀನ್‌ಶಾಟ್. ಅದರಲ್ಲಿ ಕಾಣುವ ಮಳೆ ಅನೇಕ ವೇಳೆ ಅಳೆದದ್ದಾಗಿರುವುದಿಲ್ಲ, ಕಂಪ್ಯೂಟರ್ ಮಾದರಿಗಳು ಅಂದಾಜಿಸಿದ್ದು. ಅಳೆದ ದತ್ತಾಂಶದಿಂದ ನಕ್ಷೆಯ ಮೇಲೆ ಕಟ್ಟಿದ ಚೌಕಗಳಿಗೂ ಮಿತಿಯಿದೆ. ಇಲ್ಲಿ ಪುಣೆಯಲ್ಲಿರುವ ಹವಾಮಾನ ಇಲಾಖೆಯ ಕಚೇರಿ ಸಿದ್ಧಪಡಿಸುವ, 1901ರಿಂದ ಲಭ್ಯವಿರುವ ದೈನಂದಿನ ಮಳೆಯ ದತ್ತಾಂಶ ನಮ್ಮ ಕಸುಬಿಗೆ ದೊಡ್ಡ ಆಸ್ತಿ; ಆದರೆ ಅದರ ಒಂದೊಂದು ಚೌಕವೂ ಅಕ್ಷಾಂಶ, ರೇಖಾಂಶದ ಕಾಲು ಡಿಗ್ರಿಯದು, ಅಂದರೆ ಬದಿಗೆ ಸುಮಾರು 27 ಕಿ.ಮೀ. ಅಷ್ಟು ಊರುಗಳಿಗೆ ಸೇರಿ ದಿನಕ್ಕೆ ಒಂದೇ ಅಂಕಿ. ಪ್ರೀಮಿಯಂ ದರ ಕಟ್ಟಲು, ಬರಗಾಲದ ಇತಿಹಾಸ ತಿಳಿಯಲು ಅದು ಚೆನ್ನಾಗಿ ಒದಗುತ್ತದೆ, ನಿಮ್ಮ ಕ್ಲೇಮ್ ವಾದಿಸಲು ಒದಗುವುದಿಲ್ಲ. "ಈ ವರ್ಷ ಮುಂಗಾರು ವಾಡಿಕೆಯಷ್ಟು ಎಂದು ಹೇಳಿದ್ದಾರೆ, ವಿಮೆ ಯಾಕೆ?" ಎನ್ನುವವರಿಗೂ ಇಷ್ಟೇ ಹೇಳಬೇಕು: ದೇಶದ ಸರಾಸರಿಯ ಶೇ 96ರಿಂದ 104ರೊಳಗಿನ ಮಳೆಯನ್ನು ವಾಡಿಕೆಯ ಮುಂಗಾರು ಎನ್ನುತ್ತಾರೆ, ಆ ಸರಾಸರಿಯೊಳಗೆ ನಿಮ್ಮ ತಾಲೂಕಿನ ಬರ ಸದ್ದಿಲ್ಲದೆ ಅಡಗಿ ಕುಳಿತಿರಬಲ್ಲದು.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ನಿಮ್ಮ ಪಹಣಿಯಲ್ಲಿರುವ ಸರ್ವೆ ನಂಬರ್ ಯಾವ ಮಾಪಕಕ್ಕೆ ಸೇರಿದೆ ಎಂದು ತಿಳಿದುಕೊಂಡು ಹಂಗಾಮಿಗೆ ಮುಂಚೆ ಒಮ್ಮೆ ಹೋಗಿ ನೋಡಿ. ಅದೊಂದು ಸರಳ ಯಂತ್ರ: ಮೇಲೆ ಲಾಳಿಕೆ, ಒಳಗೆ ಅತ್ತಿತ್ತ ವಾಲುವ ಪುಟ್ಟ ತೊಟ್ಟಿ, ನಿಗದಿತ ನೀರು ತುಂಬಿದಾಗಲೆಲ್ಲ ಅದು ವಾಲುತ್ತದೆ, ಒಂದು ಎಣಿಕೆ ದಾಖಲಾಗುತ್ತದೆ. ಲಾಳಿಕೆಯ ಬಾಯಿಯಲ್ಲಿ ಬೇವಿನ ಎಲೆಯೊಂದು ಸಿಕ್ಕಿಕೊಂಡರೆ ನೀರು ತೊಟ್ಟಿಕ್ಕುತ್ತ ಇಳಿದು, ಒಂದು ಗಂಟೆಯ ಮಳೆ ಅರ್ಧ ದಿನದ ಮಳೆಯಾಗಿ ಬರೆಯಲ್ಪಡುತ್ತದೆ, ಇಲ್ಲವೇ ತುಂಬಿ ಹೊರಚೆಲ್ಲುತ್ತದೆ. ಒಂದೂರಿನಲ್ಲಿ ಮಾಪಕದ ಪಕ್ಕದ ಮರ ಬೆಳೆದು ಕೊಂಬೆಯೇ ಅದರ ಮೇಲೆ ಚಾಚಿಕೊಂಡಿದ್ದನ್ನು ಕಂಡಿದ್ದೇನೆ. ಮರವಾಗಲಿ ಗೋಡೆಯಾಗಲಿ, ಮಾಪಕದಿಂದ ತನ್ನ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿರಬೇಕು. ಹಾಗಿಲ್ಲದಿದ್ದರೆ ಹಂಗಾಮು ಶುರುವಾಗುವ ಮೊದಲೇ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಕ್ಲೇಮ್ ಬಾರದ ಮೇಲೆ ಬರೆದ ಪತ್ರಕ್ಕೆ ಅಷ್ಟು ತೂಕವಿರುವುದಿಲ್ಲ.

ಎರಡನೆಯ ಕೆಲಸ ಪುಣೆಯಲ್ಲಿ ಕುಳಿತೇ ಮಾಡಬಹುದಾದದ್ದು. ದಲಾಲಿ ಅಂಗಡಿಯವರು ಕೊಟ್ಟ ಪಟ್ಟಿಗಳನ್ನು ಹೆಚ್ಚಿನ ಮನೆಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟಿರುತ್ತಾರೆ. ಅವುಗಳಿಂದ ವರ್ಷವಾರು ಎಷ್ಟು ಮಾಲು ಹೋಯಿತು ಎಂದು ಬರೆದುಕೊಳ್ಳಿ. ದರ ಬೇಡ, ತೂಕ ಮಾತ್ರ. ತೀರ ಕೆಟ್ಟ ವರ್ಷಗಳನ್ನು ಗುರುತಿಸಿ, ಆಯಾ ವರ್ಷ ನಿಮ್ಮ ಮಾಪಕ ಏನು ಹೇಳಿತ್ತು ಎಂದು ಪಕ್ಕಕ್ಕೆ ಬರೆಯಿರಿ. ಕೆಟ್ಟ ವರ್ಷಗಳಲ್ಲಿ ಬಹುಪಾಲು ಮಾಪಕದಲ್ಲಿಯೂ ಕೆಟ್ಟದ್ದೇ ಆಗಿದ್ದರೆ ಈ ವಿಮೆ ನಿಮಗೆ ಕೆಲಸಕ್ಕೆ ಬರುತ್ತದೆ. ಎರಡಕ್ಕೂ ತಾಳೆಯೇ ಇಲ್ಲದಿದ್ದರೆ ಅದರ ಮೇಲೆ ಸಾಲದ ಕಂತನ್ನು ನೆಚ್ಚಿಕೊಳ್ಳಬೇಡಿ. ಪ್ಲಾಸ್ಟಿಕ್ ಹೊದಿಕೆ, ಚಾಟಣಿಯನ್ನು ಎರಡು ಹಂತದಲ್ಲಿ ಮಾಡುವುದು, ಕೈಯಲ್ಲಿ ಒಂದಿಷ್ಟು ದುಡ್ಡು ಇವು ಮುಂದೆ ಬರಬೇಕು. ಏಳೆಂಟು ವರ್ಷಗಳ ಲೆಕ್ಕದಿಂದ ಖಚಿತವಾದ ತೀರ್ಮಾನ ಹೊರಡುವುದಿಲ್ಲ ಎಂಬ ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಆದರೂ ಊಹೆಗಿಂತ ಅದು ಮೇಲು.

ವಿಮೆಯನ್ನೇ ಬಿಡಿ ಎಂದು ನಾನು ಹೇಳುವುದಿಲ್ಲ. ತೋಟಗಾರಿಕೆ ಬೆಳೆಗೆ ರೈತರ ಪಾಲು ಸಾಮಾನ್ಯವಾಗಿ ವಿಮಾ ಮೊತ್ತದ ಶೇ 5ಕ್ಕೆ ಮೀರದು, ಉಳಿದ ಪ್ರೀಮಿಯಂ ಸರ್ಕಾರಗಳದು; ಆ ದರಕ್ಕೆ ಹೊರಗೆ ಇಂಥ ರಕ್ಷಣೆ ಸಿಗುವುದು ಕಷ್ಟ.

ಫೋಟೋ ಮತ್ತು ಫೋನು ಕೆಲಸಕ್ಕೆ ಬರುವ ಸಂದರ್ಭವೂ ಇದೆ, ವಿಚಿತ್ರವೆಂದರೆ ಅಲ್ಲಿ ಜನ ಸುಮ್ಮನಿರುತ್ತಾರೆ. ಅದೇ ಮನೆಯ ತೊಗರಿ ಫಸಲ್ ಬಿಮಾ ಯೋಜನೆಯಲ್ಲಿರುತ್ತದೆ. ಕರ್ನಾಟಕದಲ್ಲಿ ಆಲಿಕಲ್ಲು ಬಿದ್ದರೆ, ಅಥವಾ ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆ ಹದಿನಾಲ್ಕು ದಿನಗಳೊಳಗೆ ಅಕಾಲಿಕ ಮಳೆಗೆ ಸಿಕ್ಕರೆ, ನಷ್ಟವನ್ನು ಆಯಾ ಹೊಲದ ಮಟ್ಟದಲ್ಲಿಯೇ ನೋಡುತ್ತಾರೆ, ಆದರೆ 72 ಗಂಟೆಗಳೊಳಗೆ ತಿಳಿಸಿರಬೇಕು. ದ್ರಾಕ್ಷಿಗೂ ಆಲಿಕಲ್ಲಿನ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದರೆ ಹಾಗೆಯೇ ತಿಳಿಸಬೇಕಾಗುತ್ತದೆ. ತಂದೆ ಮೂರನೆಯ ದಿನ ಸಂಜೆ ಮಗನಿಗೆ ಹೇಳಿ, ಮಗ ಶನಿವಾರ ರಜೆಯಲ್ಲಿ ಸಹಾಯವಾಣಿಗೆ ಫೋನ್ ಮಾಡುವಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ. ಪಾಲಿಸಿಯ ಅರ್ಜಿ ಸಂಖ್ಯೆಯನ್ನೂ ಸಹಾಯವಾಣಿಯ ನಂಬರನ್ನೂ ಊರಲ್ಲಿರುವವರ ಮೊಬೈಲಿಗೆ ಇವತ್ತೇ ಕಳಿಸಿಡಿ, ಮಳೆ ಬಂದ ದಿನವೇ ಅವರೇ ಫೋನ್ ಮಾಡಲಿ.