ಚೀಲ ತೇಲಿಸಿ ಬಿಟ್ಟರೂ ಮೀನುಮರಿಗಳು ಸಾಯುವುದೇಕೆ?

ಪ್ರಶ್ನೆ: ದಾವಣಗೆರೆಯ ನಮ್ಮ ಮನೆಯ ಹಿತ್ತಲಿನ ಕೊಳಕ್ಕೆ ಸೊಳ್ಳೆ ಕಾಟ ತಪ್ಪಲೆಂದು ಗಪ್ಪಿ ಮರಿಗಳನ್ನು ತಂದು, ಚೀಲವನ್ನು ಅರ್ಧ ಗಂಟೆ ನೀರಿನಲ್ಲಿ ತೇಲಿಸಿಯೇ ಬಿಟ್ಟೆವು. ಆದರೂ ಮಾರನೆಯ ದಿನ ಅರ್ಧದಷ್ಟು ಸತ್ತಿದ್ದವು. ಎಲ್ಲಿ ತಪ್ಪಾಯಿತು?

ಉತ್ತರ: ಚೀಲ ತೇಲಿಸುವುದರಿಂದ ಸರಿಹೋಗುವುದು ಉಷ್ಣಾಂಶ ಮಾತ್ರ, ಅದಕ್ಕೆ ಹದಿನೈದಿಪ್ಪತ್ತು ನಿಮಿಷ ಸಾಕು. ಚೀಲದ ಮತ್ತು ಕೊಳದ ನೀರುಗಳ ಗಡಸುತನದಲ್ಲಿ (ಕರಗಿರುವ ಸುಣ್ಣದಂಥ ಲವಣಗಳ ಪ್ರಮಾಣ) ಮತ್ತು ರಸಸಾರದಲ್ಲಿ (pH, ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) ಇರುವ ವ್ಯತ್ಯಾಸ ಪ್ಲಾಸ್ಟಿಕ್ಕಿನ ಆಚೆ ಈಚೆ ಹಾಗೆಯೇ ಉಳಿದಿರುತ್ತದೆ. ದಾವಣಗೆರೆಯ ನಲ್ಲಿಗಳಿಗೆ ಬರುವ ತುಂಗಭದ್ರಾ ನದಿಯ ಅಥವಾ ಭದ್ರಾ ನಾಲೆಯ ನೀರು ಮೆದು, ನಿಮ್ಮ ಮರಿಗಳು ಬೆಳೆದದ್ದು ಅಂಥ ನೀರಿನಲ್ಲಿರಬಹುದು. ಹಿತ್ತಲಿನ ಕೊಳಕ್ಕೆ ತುಂಬುವುದೋ ಬಹುಮಟ್ಟಿಗೆ ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರು. ಸಿಹಿನೀರಿನ ಮೀನಿನ ಮೈಯೊಳಕ್ಕೆ ನೀರು ಸದಾ ನುಗ್ಗುತ್ತಿರುತ್ತದೆ, ಲವಣ ಹೊರಕ್ಕೆ ಸೋರುತ್ತಿರುತ್ತದೆ. ಇದನ್ನು ಕಿವಿರು, ಮೂತ್ರಪಿಂಡಗಳು ಸರಿದೂಗಿಸುತ್ತಿರುವಾಗ ಸುತ್ತಲಿನ ನೀರೇ ಒಮ್ಮೆಲೇ ಬದಲಾದರೆ ಮೀನು ಕೆಲವು ಗಂಟೆ ತಡೆದುಕೊಂಡು ಆಮೇಲೆ ಸಾಯುತ್ತದೆ. ನಿಮ್ಮ ಮರಿಗಳು ತಕ್ಷಣ ಸಾಯದೆ ಮಾರನೆಯ ದಿನ ಸತ್ತದ್ದು ಈ ಅನುಮಾನವನ್ನೇ ಬಲಪಡಿಸುತ್ತದೆ. ಗಪ್ಪಿಗೆ ಗಡಸು ನೀರು ಒಗ್ಗದೆಂದಲ್ಲ, ಅದಕ್ಕೆ ಅಂಥ ನೀರೇ ಹಿತ. ಒಗ್ಗದ್ದು ದಿಢೀರ್ ಬದಲಾವಣೆ.

ಮರಿಗಳನ್ನು ಹತ್ತಿರದ ಅಂಗಡಿಯಿಂದ ತಂದಿದ್ದರೆ, ಚೀಲ ತೇಲಿಸಿದ ಬಳಿಕ ಮರಿಗಳನ್ನು ಅದೇ ನೀರಿನೊಡನೆ ಬಕೆಟ್ಟಿಗೆ ಸುರಿದು, ಔಷಧ ಅಂಗಡಿಯಲ್ಲಿ ಸಿಗುವ ಡ್ರಿಪ್ ನಳಿಕೆಯ ಮೂಲಕ ಕೊಳದ ನೀರನ್ನು ಹನಿಹನಿಯಾಗಿ ಒಂದೆರಡು ಗಂಟೆ ಸೇರಿಸಿ. ನೀರು ಮೂರು ನಾಲ್ಕು ಪಟ್ಟಾದ ಮೇಲೆ ಮೀನನ್ನು ಬಲೆಯಲ್ಲೆತ್ತಿ ಬಿಡಿ. ಆ ನೀರನ್ನು ಕೊಳಕ್ಕೆ ಸುರಿಯದೆ ಗಿಡಗಳಿಗೆ ಹಾಕಿ.

ಹಲವು ಗಂಟೆ ಪಯಣಿಸಿದ ಚೀಲದ ವಿಷಯ ಬೇರೆ, ಇದನ್ನು ಹೇಳುವವರು ಕಡಿಮೆ. ಕಟ್ಟಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರನ್ನು ಆಮ್ಲೀಯಗೊಳಿಸುತ್ತದೆ, ಅದರಿಂದಾಗಿ ಮಲಮೂತ್ರದ ಅಮೋನಿಯಾ ಬಹುಪಾಲು ಅಪಾಯವಿಲ್ಲದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹೊರಹೋಗಿ ರಸಸಾರ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಕ್ಷಾರೀಯ ಬೋರ್‌ವೆಲ್ ನೀರನ್ನು ಆ ಚೀಲಕ್ಕೇ ಹನಿಸುತ್ತ ಕುಳಿತರೆ ವಿಷವನ್ನು ಇನ್ನೂ ಬೇಗ ಎಬ್ಬಿಸಿದಂತೆ. ಇಂಥ ಮರಿಗಳನ್ನು ಚೀಲ ಬಿಚ್ಚಿದ ಕೂಡಲೇ ಬೇರೊಂದು ಬಕೆಟ್ಟಿಗೆ ವರ್ಗಾಯಿಸಬೇಕು. ಅದರಲ್ಲಿ ಹಿಂದಿನ ದಿನವೇ ಹಿಡಿದು ಬಾಯಿ ತೆರೆದಿಟ್ಟ, ಕ್ಲೋರಿನ್ ಹೋದ ನಲ್ಲಿ ನೀರಿದ್ದು, ಉಷ್ಣಾಂಶ ಚೀಲದ ನೀರಿಗೆ ಸಮನಾಗಿರಲಿ. ಕೊಳದ ನೀರನ್ನು ಹನಿಸುವುದು ಆಮೇಲೆ.

ಕೊಳ ಹೊಸ ಸಿಮೆಂಟಿನದಾದರೆ ಮೀನಿನ ಮಾತು ಸದ್ಯಕ್ಕೆ ಬೇಡ. ಗೋಡೆಯಿಂದ ಸುಣ್ಣ ಬಿಡುತ್ತಲೇ ಇರುವುದರಿಂದ ಕೆಲವು ವಾರ ನೀರು ತುಂಬಿ ಖಾಲಿ ಮಾಡುತ್ತಿದ್ದು, ರಸಸಾರ 8.5ಕ್ಕಿಂತ ಕೆಳಗಿಳಿದು ಅಲ್ಲೇ ನಿಂತ ಮೇಲೆ ಮರಿ ತರಬಹುದು. ಬೋರ್‌ವೆಲ್ಲಿನಿಂದ ಆಗಷ್ಟೇ ಮೇಲೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ, ಪೈಪನ್ನು ಎತ್ತರಕ್ಕೆ ಕಟ್ಟಿ ನೀರು ಚಿಮ್ಮಿ ಬೀಳುವಂತೆ ಮಾಡುವುದು ಒಳ್ಳೆಯದು.

ಪಾಚಿಗಟ್ಟಿ ಹಸಿರಾದ ಕೊಳದಲ್ಲಿ ನಸುಕಿಗೆ ಆಮ್ಲಜನಕ ತಳ ಕಂಡಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ರಸಸಾರ 9 ದಾಟಬಹುದು. ಹಾಗಾಗಿ ಬಿಸಿಲು ಬಂದು ಒಂದೆರಡು ಗಂಟೆಯಾದ ಬಳಿಕ, ನೆರಳಿರುವ ಮೂಲೆಯಲ್ಲಿ ಬಿಡಿ. ಮೊದಲ ದಿನ ಆಹಾರ ಹಾಕಬೇಡಿ. ಗಪ್ಪಿ ನಮ್ಮ ನೆಲದ ಮೀನಲ್ಲ. ಮುಂದೆ ಸಂಖ್ಯೆ ಹೆಚ್ಚಿತೆಂದು ಕುಂದವಾಡ ಕೆರೆಗೋ ನಾಲೆಗೋ ಬಿಡದೆ, ಕೊಳವಿರುವ ನೆರೆಹೊರೆಯವರಿಗೆ ಕೊಡಿ.